ಮುಚ್ಚಳದ ಮೇಲೆ ಅಣ್ಣತಮ್ಮಂದಿರು

ಯೀಸ್ಟ್ ಬೆಳೆಸುವ ಗಾಜಿನ ತಟ್ಟೆಗಳಿಗೆ ಎಲ್ಲರೂ ತಳದಲ್ಲಿ ಹೆಸರು ಬರೆದರೆ, ಅವನು ಮುಚ್ಚಳದ ಮೇಲೆ ಬರೆಯುತ್ತಿದ್ದ. ತಟ್ಟೆ ಮಗುಚುವಷ್ಟರಲ್ಲಿ ಕನಸು ಶುರುವಾಗಿಬಿಡುತ್ತಿತ್ತು. ಅದಕ್ಕೇ ಪ್ರಯೋಗಾಲಯದಲ್ಲಿ ಅವನ ಹೆಸರು ಕನಸಪ್ಪ.

ಕನಸೆಲ್ಲ ಸೂಕ್ಷ್ಮದರ್ಶಕದೊಳಗಿನದು. ತಾಯಿಕೋಶದ ಮೈಮೇಲೆ ಮರಿಕೋಶ ಗುಳ್ಳೆಯಂತೆ ಉಬ್ಬುತ್ತದೆ. ವರ್ಣತಂತುಗಳು ಹಸಿರು ದೀಪ ಹಿಡಿದು, ಅರ್ಧ ಇತ್ತ, ಅರ್ಧ ಅತ್ತ, ತೇಲುತ್ತ ಬೇರೆಯಾಗುತ್ತವೆ. ಈ ಪಾಲು ಕಾಯಲು ಎರಡು ಜೀನುಗಳು. ಕನಸಪ್ಪ ಅವಕ್ಕೆ ಅಣ್ಣ, ತಮ್ಮ ಎಂದು ಹೆಸರಿಟ್ಟಿದ್ದ. ಬಿಸಿಯಲ್ಲಿಟ್ಟಾಗಲೂ ಒಬ್ಬನಿಲ್ಲದಿದ್ದರೆ ಇನ್ನೊಬ್ಬ ಸಂಭಾಳಿಸುತ್ತಾನೆ, ಇಬ್ಬರೂ ಇಲ್ಲದಿದ್ದರೆ ಪಾಲು ಕೆಟ್ಟು ಯೀಸ್ಟ್ ಸಾಯುತ್ತದೆ ಎಂಬುದು ಅವನ ನಾಲ್ಕು ವರ್ಷದ ವಾದ. ಇವತ್ತು ಮೂರು ಗಂಟೆಗೆ ಗೈಡ್ ಮೇಡಂ ತಟ್ಟೆ ನೋಡಿ ಒಪ್ಪಿದರೆ ಪಿಎಚ್‌ಡಿ ಕೈಗೆ.

ಬೆಳಿಗ್ಗೆ ಬಿಸಿಪೆಟ್ಟಿಗೆ ತೆರೆದು, ಜೀನು ತೆಗೆದ ಯೀಸ್ಟ್ ಹಾಕಿಟ್ಟಿದ್ದ ಮೂರು ತಟ್ಟೆಗಳನ್ನು ಹೊರತೆಗೆದ. ‘ತಮ್ಮ ಇಲ್ಲ’ ತಟ್ಟೆ ಬೆಳೆದಿತ್ತು, ಸರಿ. ಆದರೆ ‘ಇಬ್ಬರೂ ಇಲ್ಲ’ ತಟ್ಟೆಯಲ್ಲಿ ಬೆಣ್ಣೆ ಚೆಲ್ಲಿದಂತೆ ಭರ್ಜರಿ ಬೆಳೆ! ‘ಅಣ್ಣ ಇಲ್ಲ’ ತಟ್ಟೆ ಬೋಳುತಲೆಯಂತೆ ಮಿಂಚುತ್ತಿತ್ತು.

“ಮುಚ್ಚಳ ಎಲ್ಲಾ ಬೆವರ್ತಿತ್ತು ಕಣೋ, ತೆಗ್ದು ಒರೆಸಿಟ್ಟೆ,” ಎಂದರು ಪಕ್ಕದ ಮೇಜಿನ ಅಕ್ಕ, ಯಾರೂ ಕೇಳದೆ ಎಲ್ಲರಿಗೂ ನೆರವಾಗುವವರು. “ಥ್ಯಾಂಕ್ಸ್ ಹೇಳೋ ಅಭ್ಯಾಸ ಇದ್ಯೋ ಇಲ್ವೋ?”

ಹೋದ ಜೀವ ಬಂತು. ಹಾಗಾದರೆ ಮುಚ್ಚಳ ಅದಲುಬದಲಾಗಿದೆ! ಕನಸಪ್ಪ ಆ ಎರಡು ಮುಚ್ಚಳಗಳನ್ನು ಬದಲಿಸಿದ. ಫಲಿತಾಂಶವನ್ನು ದಾಖಲೆ ಪುಸ್ತಕದಲ್ಲಿ ಶಾಯಿಯಲ್ಲೇ ಬರೆದ.

“ಸಾಕ್ಷಿ ಸಹಿ ಹಾಕಕ್ಕಾ.”

“ಏನಂತ ಬರ್ದಿದೀಯೋ?”

“ನಾನು ಅಂದ್ಕೊಂಡಿದ್ದೇ!” ಅಕ್ಕ ಸಹಿ ಹಾಕಿದರು.

ಮೂರು ಗಂಟೆಗೆ ಬಂದ ಮೇಡಂ ಪುಸ್ತಕ ಓದಿ ತಲೆದೂಗಿದರು. ಆಮೇಲೆ ತಟ್ಟೆ ಮಗುಚಿದರು. ತಳದಲ್ಲಿ ಪುಟ್ಟ ಕೆಂಪು ಚುಕ್ಕಿಗಳು.

“ನಿನ್ನ ಚಾಳಿ ನಂಗೊತ್ತಿಲ್ವೇನಪ್ಪಾ? ನೀನು ಒಳಗಿಟ್ಟು ಹೋದ ತಕ್ಷಣ ನಾನೇ ಗುರುತು ಹಾಕಿದ್ದೆ. ಮೂರು ಚುಕ್ಕಿ ಅಂದ್ರೆ ಇಬ್ಬರೂ ಇಲ್ಲ.” ಮೂರು ಚುಕ್ಕಿಯದರಲ್ಲೇ ಭರ್ಜರಿ ಬೆಳೆ. ಅವರ ಕಣ್ಣರಳಿತು. “ಅಯ್ಯೋ! ಅಣ್ಣ ಹೋದ್ಮೇಲೆ ಮನೆ ಹಾಳ್ಮಾಡಿದ್ದೇ ತಮ್ಮ. ಅವ್ನೂ ತೊಲಗಿದ್ಮೇಲೆ ಪಾಲು ನೆಟ್ಟಗಾಯ್ತು! ದೊಡ್ಡ ಶೋಧ ಕಣೋ ಇದು!”

ಕನಸಪ್ಪ ನೆಲಬಿಟ್ಟು ತೇಲಿದ.

“ಆದ್ರೆ ನಿನ್ನ ಶಾಯಿ, ಸಾಕ್ಷಿ ಎಲ್ಲಾ ಉಲ್ಟಾ ಹೇಳ್ತಿವೆ. ಯಾರು ನಂಬ್ತಾರೆ? ಮೊದಲಿಂದ ಮಾಡು.”

“ಒಂದೊಂದೇ ಒರೆಸಿ ಅದದಕ್ಕೇ ಹಾಕಿದ್ದೆ,” ಅಕ್ಕ ಮೂತಿ ಸೊಟ್ಟ ಮಾಡಿದರು. “ನೀನು ಕೇಳ್ಲೇ ಇಲ್ವಲ್ಲೋ!”

ಕನಸಪ್ಪ ಹೊಸ ತಟ್ಟೆ ಎತ್ತಿಕೊಂಡ. ಕಣ್ಣೊಳಗೆ ಹಸಿರು ದೀಪಗಳು ಮೆಲ್ಲಗೆ, ಬಲು ಮೆಲ್ಲಗೆ, ಬೇರೆಯಾಗತೊಡಗಿದವು. ಎಚ್ಚರಾಗಿ ನೋಡಿದರೆ, ಕೈ ಆಗಲೇ ಮುಚ್ಚಳದ ಮೇಲೆ ‘ಅಣ್ಣ ಇಲ್ಲ’ ಎಂದು ಬರೆದು ಮುಗಿಸಿತ್ತು.