ಮೊಳಕೆಗೆ ಜಾಗವಿಲ್ಲ

ನಮ್ಮ ಮನೆತನದಲ್ಲಿ ಒಬ್ಬ ಪದವೀಧರ ಹುಟ್ಟುವುದು ಸಾಧ್ಯವೇ ಇಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದವರು ನನ್ನ ಸೋದರಮಾವ, ಯಗಟಿಯ ಕೆಂಚಪ್ಪನವರು. "ಕುರಿ ಎಣಿಸೋಕೆ ಬಂದ್ರೆ ಸಾಕು ಕಣೋ, ಬಿ.ಎಸ್ಸಿ. ಯಾಕೆ?" ಎನ್ನುತ್ತಿದ್ದರು. ನಾನು ಓದಿದೆ. ಹಾಸ್ಟೆಲಿನ ನೀರುಸಾರು ಕುಡಿದು, ರಸಾಯನಶಾಸ್ತ್ರದಲ್ಲಿ ಒಮ್ಮೆ ಡುಮ್ಕಿ ಹೊಡೆದು, ಅಂತೂ ಪದವಿ ತಂದೆ. ಹೀಗೆ ಕಷ್ಟದಿಂದ ಓದಿದವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಓದಿಗೆ ಸಂಬಂಧಪಟ್ಟ ಯಾವುದನ್ನೂ ಎಸೆಯಲು ಕೈ ಬರುವುದಿಲ್ಲ. ನನ್ನ ಟ್ರಂಕಿನಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳಿವೆ, ನಿಬ್ಬು ಮುರಿದ ಪೆನ್ನಿದೆ, ಪರೀಕ್ಷೆ ಬರೆಯಲು ಹೋದ ಬಸ್ಸಿನ ಟಿಕೆಟ್ಟೂ ಇದೆ. ಮನೆಯೊಳಗಿದ್ದಷ್ಟು ದಿನ ಈ ಕಾಯಿಲೆಯಿಂದ ಯಾರಿಗೂ ತೊಂದರೆಯಾಗಲಿಲ್ಲ. ಕಚೇರಿಗೆ ಬಂದ ಮೇಲೆ ಆಯಿತು.

ನಯಾಪೈಸೆ ಇನ್ನೂ ಹೊಸದಾಗಿದ್ದ ಕಾಲ. ತರೀಕೆರೆಯಲ್ಲಿ ಬೀಜ ಪರೀಕ್ಷೆ ಮಾಡುವ ಒಂದು ಸಣ್ಣ ಕೊಠಡಿಗೆ ನಾನೇ ರಾಜ, ನಾನೇ ಪ್ರಜೆ. ಕೆಲಸ ಸುಲಭ. ರೈತರು ತಂದ ಬೀಜದಲ್ಲಿ ನೂರು ಕಾಳು ಎಣಿಸಿ, ತಟ್ಟೆಯಲ್ಲಿ ಒದ್ದೆ ಕಾಗದ ಹಾಸಿ ಅದರ ಮೇಲೆ ಹರಡಿ, ಬೀರುವಿನಲ್ಲಿ ಎಂಟು ದಿನ ಇಡಬೇಕು. ಎಷ್ಟು ಮೊಳೆಯಿತೋ ನೋಡಿ ಸರ್ಟಿಫಿಕೇಟು ಬರೆದುಕೊಡಬೇಕು. ಸಾವಿರಾರು ವರ್ಷದಿಂದ ನಮ್ಮ ಹೆಂಗಸರು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಮಾಡುತ್ತಿರುವುದೇ ಇದು. ಅವರಿಗೆ ಸಂಬಳವಿಲ್ಲ, ನನಗಿತ್ತು, ಅಷ್ಟೇ ವ್ಯತ್ಯಾಸ.

ಆ ವರ್ಷ ಮಾವ ಒಂದು ಚೀಲ ರಾಗಿ ಹೊತ್ತು ಬಂದರು. ಹೊಲದಲ್ಲಿ ತೆನೆ ತೆನೆ ಆರಿಸಿ ಬಿತ್ತನೆಗೆಂದೇ ತೆಗೆದಿಟ್ಟಿದ್ದು. ಪುನರ್ವಸು ಮಳೆ ಹಿಡಿಯುವುದರೊಳಗೆ ಸರ್ಟಿಫಿಕೇಟು ಸಿಕ್ಕರೆ ಸೊಸೈಟಿಯವರು ಬೀಜವೆಂದು ಊರೂರಿಗೆ ಹಂಚುತ್ತಾರೆ. ಇಲ್ಲದಿದ್ದರೆ ಅದಷ್ಟೂ ಬೀಸುವ ಕಲ್ಲಿಗೆ. ನಾನು ಗಂಭೀರವಾಗಿ ನೂರು ಕಾಳು ಎಣಿಸಿ ಬೀರು ತೆರೆದೆ. ಜಾಗವಿಲ್ಲ. ಬೀರು ಚಿಕ್ಕದೆಂದು ಮೇಲಿನವರಿಗೆ ಆಗಲೇ ಎರಡು ಅರ್ಜಿ ಬರೆದಿದ್ದೆ. ಉತ್ತರ ಬರದಿದ್ದಾಗ ಸಂತೆಯಿಂದ ಇನ್ನಷ್ಟು ತಟ್ಟೆ ತಂದಿದ್ದೆ. ಅವೂ ತುಂಬಿದ್ದವು. ಸರಿ, ಮಾವನ ತಟ್ಟೆಯನ್ನು ಇನ್ನೆರಡು ತಟ್ಟೆಗಳ ನಡುವೆ ಗಾಳಿಯಾಡದ ಹಾಗೆ ತುರುಕಿದೆ.

ಎಂಟನೆಯ ದಿನ ತೆಗೆದರೆ ಮೊಳೆತದ್ದು ನಲವತ್ತೇ ಕಾಳು. ಉಳಿದವಕ್ಕೆ ಬೂಷ್ಟು.

"ಬೀಜ ಸತ್ತಿದೆ ಮಾವ," ಎಂದೆ, ವೈದ್ಯರ ಧ್ವನಿಯಲ್ಲಿ.

ಅವರ ಮುಖ ಇಳಿದುಹೋಯಿತು. "ಮನೇಲಿ ಇದೇ ರಾಗಿ ನಿಮ್ಮತ್ತೆ ಕಟ್ಟಿಟ್ರೆ ಬಟ್ಟೆ ಹರ್ಕೊಂಡು ಬತ್ತದೆ ಕಣಪ್ಪಾ," ಎನ್ನುತ್ತ ಸುಮ್ಮನೆ ಬೀರುವಿನೊಳಗೆ ಬಗ್ಗಿ ನೋಡಿದರು. "ಇದ್ಯಾರ್ದು?"

"ಅಜ್ಜಂಪುರದವರ ಜೋಳ."

"ಪರೀಕ್ಷೆ ಆಗ್ಲಿಲ್ವಾ?"

"ಯುಗಾದಿಗೆ ಮುಂಚೆಯೇ ಆಯಿತು."

"ಮತ್ತೆ ಇನ್ನೂ ಯಾಕೆ ಮಲಗೈತೆ? ಇದು?"

"ಹಿರೇನಲ್ಲೂರಿನ ಹುರುಳಿ. ಅದೂ ಆಗಿದೆ. ದಾಖಲೆಗೆ ಇಟ್ಟಿದ್ದೇನೆ."

ಒಂದೊಂದರ ಮೇಲೂ ನಾನು ಚೆಂದದ ಅಕ್ಷರದಲ್ಲಿ ಚೀಟಿ ಅಂಟಿಸಿದ್ದೆ. ಮಾವ ಅವನ್ನೆಲ್ಲ ನೋಡಿ ನೆಟ್ಟಗಾದರು. "ನಿಮ್ಮತ್ತೆ ಅನ್ನ ಬೆಂದೈತಾ ಅಂತ ದಿನಾ ಅಗುಳು ಹಿಸುಕಿ ನೋಡ್ತಾಳೆ. ಆ ಅಗುಳಿಗೆಲ್ಲ ಚೀಟಿ ಅಂಟಿಸಿ ಇಟ್ಟಿದ್ರೆ, ನಾವು ಎಲ್ಲಿ ಮಲಗ್ತಿದ್ವಿ ಹೇಳು?"

ನಾನು ಮೊದಲ ಚೀಟಿ ಕಿತ್ತೆ. ಇಬ್ಬರೂ ಸೇರಿ ಮುಗಿದ ಪರೀಕ್ಷೆಗಳನ್ನೆಲ್ಲ ಹಿತ್ತಲಿಗೆ ಸಾಗಿಸಿದೆವು. ಪಕ್ಕದ ಮನೆಯ ಕೋಳಿಗಳು ನನ್ನ ದಾಖಲೆಗಳನ್ನು ಬಹಳ ಆಸಕ್ತಿಯಿಂದ ಪರಿಶೀಲಿಸಿದವು. ಬೀರು ತೊಳೆದು ಗಾಳಿಗೆ ಬಿಟ್ಟು, ಹೊಸದಾಗಿ ನೂರು ಕಾಳು ಎಣಿಸಿ, ಒಂದು ಇಡೀ ಖಾನೆಯನ್ನು ಮಾವನ ತಟ್ಟೆಯೊಂದಕ್ಕೇ ಬಿಟ್ಟುಕೊಟ್ಟೆ. ಆ ಎಂಟು ದಿನ ಆಕಾಶ ನೋಡಿದ್ದೂ ನೋಡಿದ್ದೇ. ಪುಣ್ಯಕ್ಕೆ ಮಳೆ ತಡೆದುಕೊಂಡಿತು.

ತೊಂಬತ್ತು ಕಾಳು ಮೊಳೆತವು. ಸರ್ಟಿಫಿಕೇಟು ಬರೆದು, ಸೀಲು ಒತ್ತಿ, ಎರಡು ಕೈಯಲ್ಲಿ ಹಿಡಿದು ಕೊಟ್ಟೆ. ಮಾವ ಅದನ್ನು ಕಣ್ಣಿಗೊತ್ತಿಕೊಂಡರು. "ಏನಂತ ಬರ್ದಿದ್ದೀಯ?"

"ನೂರಕ್ಕೆ ತೊಂಬತ್ತು ಮೊಳೆತವು, ಹತ್ತು ಮೊಳೆಯಲಿಲ್ಲ ಅಂತ."

ಅವರು ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೊಸ್ತಿಲು ದಾಟುತ್ತ ಕೇಳಿದರು: "ಯಾಕೆ, ಆ ಹತ್ತಕ್ಕೂ ನೀನು ಜಾಗ ಕೊಡ್ಲಿಲ್ವೇನಪ್ಪಾ?"