ದೊಡ್ಡಮ್ಮ ಬೈಯುವುದನ್ನು ಬಿಟ್ಟಾಗ

ನನ್ನ ದೊಡ್ಡಮ್ಮ ಜಗಳ ಆಡದಿದ್ದರೆ ಡೊಂಬಿವಿಲಿಯಿಂದ ಲೋಕಲ್ ರೈಲು ಹೊರಡುವುದೇ ಇಲ್ಲವೆಂದು ನಾವು ಬಹಳ ಕಾಲ ನಂಬಿದ್ದೆವು. ಬಾಗಿಲಿಗೆ ಅಡ್ಡ ನಿಂತವರಿಗೆ ಮರಾಠಿಯಲ್ಲಿ, ಕಾಲು ತುಳಿದವರಿಗೆ ಹಿಂದಿಯಲ್ಲಿ, ಮನೆಗೆ ಬಂದ ಮೇಲೆ ದೊಡ್ಡಪ್ಪನಿಗೆ ಕನ್ನಡದಲ್ಲಿ. ಉಡುಪಿಯಿಂದ ಮದುವೆಯಾಗಿ ಬಂದ ಹೆಂಗಸು ಇಷ್ಟು ಭಾಷೆ ಕಲಿತದ್ದು ಮತ್ತೇಕೆ? ಅವಳು ಠಾಣೆಯ ಆಫೀಸಿಗೆ ಹೋಗುವುದು ಬರೀ ಸಂಬಳಕ್ಕಲ್ಲ ಎಂದು ದೊಡ್ಡಪ್ಪನಿಗೆ ಗುಮಾನಿಯಿತ್ತು.

ಇಂಥವಳಿಗೆ ಒಂದು ಬೇಸಿಗೆಯಲ್ಲಿ ಚಳಿ ಶುರುವಾಯಿತು. ಮೇ ತಿಂಗಳ ಡೊಂಬಿವಿಲಿ. ಗೋಡೆ ಮುಟ್ಟಿದರೆ ಕೈ ಬಿಸಿಯಾಗುವ ಸೆಕೆ. ದೊಡ್ಡಮ್ಮ ಸ್ವೆಟರ್ ಹಾಕಿಕೊಂಡು ಫ್ಯಾನ್ ಆಫ್ ಮಾಡುವಳು. ಜೀವಮಾನವಿಡೀ ಹೋಟೆಲಿನ ಒಲೆಯ ಪಕ್ಕ ಬೆಂದ ದೊಡ್ಡಪ್ಪ ಎದ್ದು ಹಾಕುವರು. ಅವಳು ಮಾತಿಲ್ಲದೆ ಮತ್ತೆ ಆಫ್ ಮಾಡುವಳು. "ಬಿಲ್ ಉಳಿಸ್ಲಿಕ್ಕೆ ಇವಳ ನಾಟಕ" ಎಂದು ಅವರು ಹೇಳಿದರೆ ನಾವೆಲ್ಲ ನಗುತ್ತಿದ್ದೆವು. ಮುಖ ಊದಿದರೆ ಊಟ ಮೈಗೆ ಹತ್ತಿದೆ ಎಂದೆವು. ಕೂದಲು ಉದುರಿದರೆ ಬೋರ್‌ವೆಲ್ ನೀರು, ಸದಾ ನಿದ್ದೆ ಬಂದರೆ ವಯಸ್ಸು. ಕಾರಣಗಳಿಗೆ ನಮ್ಮ ಮನೆಯಲ್ಲಿ ಬರವೆಲ್ಲಿ?

ಕಾಯಿಲೆ ಕಂಡುಹಿಡಿದದ್ದು ಲೋಕಲಿನ ಲೇಡೀಸ್ ಡಬ್ಬ. ದಿವಾದಲ್ಲಿ ಹತ್ತಿದ ಯಾರೋ ದೊಡ್ಡಮ್ಮನನ್ನು ಒತ್ತಿಕೊಂಡು ಕೂತಳಂತೆ. ದೊಡ್ಡಮ್ಮ ಸರಿದು ಜಾಗ ಕೊಟ್ಟು, ಮುಂದಿನ ಸ್ಟೇಷನ್ ಮುಂಬ್ರಾ ಬರುವಷ್ಟರಲ್ಲಿ ನಿದ್ದೆ ಹೋದಳಂತೆ. ಡಬ್ಬವೇ ಗಾಬರಿಯಾಯಿತು. ದಿನವೂ ಎದುರು ಕೂರುವ ಮರಾಠಿ ಗೆಳತಿ, ಸ್ವತಃ ಥೈರಾಯ್ಡ್ ಗುಳಿಗೆ ನುಂಗುವವಳು, ಅವಳನ್ನು ಅಲುಗಿಸಿ ಎಬ್ಬಿಸಿ, "ಅಗಂ, ತೂ ಭಾಂಡತ್ ನಾಹೀಸ್! ರಕ್ತ ತಪಾಸೂನ್ ಘೇ" ಎಂದಳು. ನೀನು ಜಗಳ ಆಡುತ್ತಿಲ್ಲ, ರಕ್ತ ಪರೀಕ್ಷೆ ಮಾಡಿಸಿಕೋ ಎಂದು.

ಥೈರಾಯ್ಡ್ ಗ್ರಂಥಿ ಕೆಲಸದಲ್ಲಿ ಹಿಂದೆ ಬಿದ್ದಿತ್ತು. ಡಾಕ್ಟರು ಗುಳಿಗೆ ಬರೆದು, ಬೆಳಿಗ್ಗೆ ಖಾಲಿ ಹೊಟ್ಟೆಗೆ ಎಂದರು. ಕೆಲವು ವಾರ ಕಳೆದು ಮತ್ತೆ ಪರೀಕ್ಷೆ ಮಾಡಿಸಿದರೂ ಗುಣ ಕಾಣಲಿಲ್ಲ. ವಿಚಾರಿಸಿದಾಗ ಗೊತ್ತಾಯಿತು, ದೊಡ್ಡಮ್ಮ ಅದನ್ನು ನುಂಗುತ್ತಿದ್ದುದು ಕಾಫಿಯ ಜೊತೆ.

"ಕಾಫಿ ಕುಡಿದ್ರೆ ಹೊಟ್ಟೆ ತುಂಬ್ತದಾ? ತಿಂಡಿ ತಿಂದ್ರಲ್ವಾ ತುಂಬುದು?" ಎಂದು ಮನೆಗೆ ಬಂದು ನಮ್ಮನ್ನೇ ಕೇಳಿದಳು. ನಮ್ಮವರಲ್ಲಿ ಕಾಫಿಯನ್ನು ಹೊಟ್ಟೆಗೆ ಹೋದದ್ದೆಂದು ಯಾರು ತಾನೇ ಎಣಿಸುತ್ತಾರೆ? ಆದರೆ ಕಾಫಿ ಆ ಮದ್ದನ್ನು ಮೈಗೆ ಹತ್ತಲು ಬಿಡುವುದಿಲ್ಲವಂತೆ. ಬರೀ ನೀರಿನಲ್ಲಿ ನುಂಗಿ, ಗಂಟೆ ಕಳೆದ ಮೇಲೆ ಕಾಫಿ ಎಂದು ಅಪ್ಪಣೆಯಾಯಿತು.

ಎದ್ದ ಕೂಡಲೇ ಕಾಫಿ ಬೆರೆಸುವುದು ದೊಡ್ಡಪ್ಪನ ಹೋಟೆಲ್ ಕಾಲದ ಚಾಳಿ. ಅವರೂ ಡಿಕಾಕ್ಷನ್ ಮುಚ್ಚಿಟ್ಟು ಅವಳ ಜೊತೆ ಕಾಯತೊಡಗಿದರು. ಫ್ಯಾನಿನ ಸ್ವಿಚ್ಚನ್ನೂ ಮುಟ್ಟಲಿಲ್ಲ. ಹೆಗಲ ಮೇಲಿನ ಬೈರಾಸಿನಿಂದ ಬೆವರು ಒರೆಸುತ್ತ ಕೂತಿರುತ್ತಿದ್ದರು. ಫ್ಯಾನ್ ಬೇಡವೇ ಎಂದು ಕೇಳಿದೆ.

"ಅವಳು ಬೈದು ತುಂಬ ದಿನ ಆಯ್ತು. ಮನೆ ಮನೆ ಹಾಗೆ ಕಾಣುದಿಲ್ಲ" ಎಂದರು. ನನಗೆ ನಗು ಬರಲಿಲ್ಲ. ಅವರು ಹೆದರಿದ್ದರು.

ಗುಳಿಗೆ ನಿಧಾನವಾಗಿ ಕೆಲಸ ಹಿಡಿಯಿತು. ಒಂದು ಭಾನುವಾರ ಮಧ್ಯಾಹ್ನ ದೊಡ್ಡಮ್ಮ ಮಲಗಿದ್ದವಳು ಎದ್ದು ಕೂತು, ಸ್ವೆಟರ್ ಬಿಚ್ಚಿ ಬಿಸಾಡಿದಳು.

"ಎಂತ ಸೆಕೆ ಇದು! ಒಂದು ಫ್ಯಾನ್ ಹಾಕ್ಲಿಕ್ಕೆ ನಿಮ್ಗೆ ಎಂತ ದಾಡಿ? ಎಲ್ಲ ನಾನೇ ಹೇಳ್ಬೇಕಾ?"

ದೊಡ್ಡಪ್ಪ ಎದ್ದು ಹೋಗಿ ಸ್ವಿಚ್ ಒತ್ತಿದರು. ಫ್ಯಾನು ಜೋರಾಗಿ ತಿರುಗತೊಡಗಿದ ಮೇಲೂ ಗೋಡೆಗೆ ಮುಖ ಮಾಡಿ ಅಲ್ಲೇ ನಿಂತು ಬೈರಾಸಿನಿಂದ ಕಣ್ಣೊರೆಸಿಕೊಂಡರು.

"ಅಲ್ಲಿ ಎಂತ ನಿಂತದ್ದು ಈಗ?"

ದೊಡ್ಡಮ್ಮ ಬೈಯುತ್ತಲೇ ಇದ್ದಳು.