ಬೆನ್ನ ಹಿಂದಿನ ಮುಖ

ದುರಗೇಶ ಬರೆಯಲು ಮರೆತದ್ದು ಒಂದೇ ಒಂದು ಸಾಲು.

ಬನಹಟ್ಟಿಯ ನೇಕಾರರ ಸಂಘಕ್ಕೆ ಅವನೊಂದು ಪ್ರೋಗ್ರಾಂ ಬರೆದಿದ್ದ. ಸದಸ್ಯರ ಫೋಟೋಗಳನ್ನು ಅದು ಒಂದೊಂದಾಗಿ ತೆರೆದು, ಹಿಂದಿನ ಗೋಡೆ, ಪರದೆಗಳನ್ನು ಅಳಿಸಿ, ಗುರುತಿನ ಚೀಟಿಯ ಅಳತೆಗೆ ಕುಗ್ಗಿಸಿ ಉಳಿಸಿಡಬೇಕು. ನಾಲ್ಕಕ್ಕೆ ಚೀಟಿ ಹಂಚುವ ಸಮಾರಂಭ. ಸುಸೂತ್ರವಾದರೆ ನೌಕರಿ ಕಾಯಂ ಎಂದು ಮ್ಯಾನೇಜರ್ ಗೂಳಪ್ಪ ಮಾತು ಕೊಟ್ಟಿದ್ದರು.

ಹನ್ನೊಂದಕ್ಕೆ ಚೀಟಿಗಳ ಮೊದಲ ಹಾಳೆ ಪ್ರಿಂಟರಿನಿಂದ ಹೊರಬಂತು. ಕಸ ಗುಡಿಸುತ್ತಿದ್ದ ಬೋರವ್ವ ಇಣುಕಿದವಳೇ ಕಸಬರಿಗೆ ಕೈಬಿಟ್ಟಳು.

"ಯಪ್ಪಾ! ಎಲ್ಲಾರ ಬೆನ್ನ ಹಿಂದ ಅನಸವ್ವ ನಿಂತಾಳಲ್ರೀ!"

ಖರೆ. ಪ್ರತಿಯೊಬ್ಬರ ಹೆಗಲಿನಾಚೆಯಿಂದ ಒಂದು ಮುದುಕಿಯ ಅರ್ಧ ಮುಖ ಇಣುಕುತ್ತಿತ್ತು. ನಲವತ್ತು ವರ್ಷ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತಿ, ಹೋದ ತಿಂಗಳಷ್ಟೇ ತೀರಿಕೊಂಡ ಅನಸವ್ವ! ಹಾಳೆಯನ್ನು ಎತ್ತ ತಿರುಗಿಸಿದರೂ ಆಕೆಯ ಕಣ್ಣು ದುರಗೇಶನನ್ನೇ ನೋಡುತ್ತಿತ್ತು.

"ಆಕಿದೂ ಒಂದು ಚೀಟಿ ಇತ್ತಪಾ. ಕೇಳಾಕ ಬಂದಾಳ," ಎಂದು ಗೂಳಪ್ಪ ಪಿಸುಗುಟ್ಟಿದರು.

ಅಷ್ಟರಲ್ಲಿ ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚಿದವು. ಬ್ಯಾಟರಿಯ ಮೇಲೆ ಉರಿಯುತ್ತಿದ್ದ ಕಂಪ್ಯೂಟರಿನಲ್ಲಿ ಮುದುಕಿಯ ಮುಖವೊಂದೇ ಬೆಳಗುತ್ತಿತ್ತು. ಬೋರವ್ವ ಹೊರಗೋಡಿದಳು. ಗೂಳಪ್ಪ ಅವಳಿಗಿಂತ ಮುಂದಿದ್ದರು.

ಒದ್ದೆ ಕೋಳಿಯಂತೆ ಬೆವೆತು ಕೂತ ದುರಗೇಶನಿಗೆ ಕೊನೆಗೂ ಕಾರಣ ಸಿಕ್ಕಿತು. ಪಟ್ಟಿಯ ಮೊದಲ ಹೆಸರು ಅನಸವ್ವನದು. ಮೊದಲು ತೆರೆದ ಚಿತ್ರವನ್ನು ಮೆಮೊರಿಯಿಂದ ಅಳಿಸುವ ಸಾಲೇ ಇರಲಿಲ್ಲ. ಉಳಿದವರ ಚಿತ್ರಗಳೆಲ್ಲ ಆಕೆಯ ಮೇಲೆಯೇ ಕೂರುತ್ತಿದ್ದವು. ಸಾಲು ಸೇರಿಸಿದ. ಪಟ್ಟಿಯಿಂದ ಆಕೆಯನ್ನು ತೆಗೆದು, ಪರೀಕ್ಷೆಗೆಂದು ತನ್ನದೇ ಫೋಟೋ ಆ ಮೊದಲ ಜಾಗದಲ್ಲಿಟ್ಟ. ಕರೆಂಟು ಬಂದ ಮೇಲೆ ಮುದ್ರಿಸಿದ ಚೀಟಿಗಳೆಲ್ಲವೂ ಶುಭ್ರ!

ಆದರೆ ಮೂರಕ್ಕೆ ಬಾಗಿಲಲ್ಲಿ ಜಾತ್ರೆಯಷ್ಟು ಜನ. ಬೋರವ್ವ ಊರಿಗೆಲ್ಲ ಸುದ್ದಿ ಮುಟ್ಟಿಸಿದ್ದಳು. ಮುಂದೆ ನಿಂತಿದ್ದ ನೇಕಾರ ಶಿವಯೋಗಿ ತನ್ನ ಚೀಟಿ ನೋಡಿ ಬಿಳಿಚಿಕೊಂಡ.

"ಎಲ್ಲಾರ ಬೆನ್ನಿಗೂ ಅನಸವ್ವ ಕಾಯಾಕ ನಿಂತಾಳಂತ. ನನಗ್ಯಾಕ ಇಲ್ರೀ? ನಾ ಏನ್ ಪಾಪ ಮಾಡೇನಿ?"

"ನಮಗೂ ಇಲ್ಲ!" ಗದ್ದಲವೆದ್ದಿತು.

ಗೂಳಪ್ಪ ದುರಗೇಶನ ಕಿವಿಯಲ್ಲಿ ಹೇಳಿದರು: "ಅನಸವ್ವನ್ನ ತಿರಗಿ ಕರಸ್ಲೇ. ಇಲ್ಲಂದ್ರ ನೀನೂ ಹೋಗು."

ದುರಗೇಶ ಹೊಸ ಸಾಲನ್ನು ಅಳಿಸಿದ. ಪ್ರಿಂಟರು ಮತ್ತೆ ಗರಗರ ಎಂದಿತು. ನೋಡುವುದಕ್ಕೂ ಪುರುಸೊತ್ತಿಲ್ಲದೆ ಇನ್ನೂರು ಚೀಟಿ ಹಂಚಿದರು.

ಗದ್ದಲ ಒಮ್ಮೆಲೇ ಅಡಗಿತು. ಎಲ್ಲರೂ ಚೀಟಿ ನೋಡಿದರು, ದುರಗೇಶನನ್ನು ನೋಡಿದರು, ಮತ್ತೆ ಚೀಟಿ ನೋಡಿದರು. ಪ್ರತಿಯೊಬ್ಬರ ಬೆನ್ನ ಹಿಂದೆಯೂ ಈಗ ದುರಗೇಶ ಇಣುಕುತ್ತಿದ್ದ.

"ಸತ್ತವರಷ್ಟ ಕಾಣ್ತಾರಲ್ರೀ ಇದರಾಗ..." ಬೋರವ್ವ ಬಗ್ಗಿ ಅವನ ಪಾದಗಳು ಯಾವ ಕಡೆ ತಿರುಗಿವೆಯೆಂದು ನೋಡಿದಳು. ಕಣ್ಣುಮುಚ್ಚಿ ತೆರೆಯುವುದರೊಳಗೆ ಇಡೀ ಕೋಣೆ ಖಾಲಿ.

"ನಾ ಜೀವಂತ ಅದೀನ್ರೀ!" ಎಂದು ಅವನು ಕೂಗಿದ್ದು ಖಾಲಿ ಕುರ್ಚಿಗಳಿಗಷ್ಟೇ ಕೇಳಿಸಿತು.

ಮೊಬೈಲು ಮೊಳಗಿತು. ಮನೆಯಿಂದ ಅವನ ಅವ್ವ. ಅವಳ ಹಿಂದೆ ಹೆಂಗಸರ ಅಳು.

"ಮನಿ ಮುಂದ ಮಂದಿ ಕೂಡ್ಯಾರಪಾ. ಖರೆ ಹೇಳು ದುರಗೇಶ, ಈಗ ಮಾತಾಡಾಕತ್ತಾಂವ ನೀನ ಏನು?"

ದುರಗೇಶ ಉತ್ತರಿಸುವ ಮೊದಲು ತನ್ನ ಮುಂಗೈ ಚಿವುಟಿಕೊಂಡ. ನೋವಾಗಲಿಲ್ಲ.